ಬರೆದ ಮಗ್ಗುಲು ಒಳಗೆ

ಕಳೆದ ತಿಂಗಳು ರಾಯಚೂರಿನ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ನಡೆದು ಹೋಗುತ್ತಿದ್ದಾಗ ಕುದಿಸಿದ ಮೈದಾ ಹಿಟ್ಟಿನ ವಾಸನೆ ಬಂತು. ನಡುವಯಸ್ಸಿನ ಒಬ್ಬಾತ ಗೋಡೆಗೆ ಪೋಸ್ಟರು ಹಚ್ಚುತ್ತಿದ್ದ. ಪಕ್ಕದ ಬಕೆಟ್ಟಿನಲ್ಲಿ ತೆಳು ನೀಲಿಗೆ ತಿರುಗಿದ ಅಂಟು. ಆ ನೀಲಿ ಮೈಲುತುತ್ತವೆಂಬ ವಿಷದ ಹರಳಿನದು. ಅಂಟಿಗೆ ಮೈಲುತುತ್ತ ಬೆರೆಸದಿದ್ದರೆ ಮರುದಿನ ಗೋಡೆಯ ಮೇಲೆ ಪೋಸ್ಟರು ಇರುವುದಿಲ್ಲ, ಊರಿನ ಆಡುಗಳ ಹೊಟ್ಟೆಯಲ್ಲಿರುತ್ತದೆ. ಇದನ್ನು ನನಗೆ ಕಲಿಸಿದವರು ಮೈಕಿನ ಕಾಕಾ. ಹತ್ತು ವರ್ಷಗಳಿಂದ ನಾನು ತಪ್ಪಿಸಿಕೊಂಡು ಓಡಾಡುತ್ತಿದ್ದ ವಾಸನೆ ಅದು...

ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ. ಕಾಕಾ ಊರಿನ ಒಂದು ಟಾಕೀಸಿಗೆ ಪ್ರಚಾರ ಮಾಡುತ್ತಿದ್ದರು. ಟಾಂಗಾದ ಎರಡೂ ಬದಿಗೆ ಪೋಸ್ಟರಿನ ಹಲಗೆ, ಮೇಲೆ ತಗಡಿನ ಹಾರ್ನು, ಒಳಗೆ ಬ್ಯಾಟರಿಯ ಮೇಲೆ ನಡೆಯುವ ಮೈಕು. ಸ್ಟೇಷನ್ ಕಡೆ ತೆಲುಗು, ತೀನ್ ಕಂದೀಲ್ ಚೌಕದಲ್ಲಿ ಉರ್ದು, ಅಲ್ಲಿಂದ ಮುಂದೆ ಕನ್ನಡ. ಟಾಂಗಾ ತಿರುವಿನಲ್ಲಿ ತಿರುಗುವಷ್ಟು ಸಲೀಸಾಗಿ ಅವರ ನಾಲಗೆ ತಿರುಗುತ್ತಿತ್ತು. ಮೈಕು ಟಾಕೀಸಿನದಲ್ಲ, ಅವರ ಸ್ವಂತದ್ದು. ಕಲ್ಮಲದ ಕುರಿ ಕಾಯುವ ಮನೆತನದವರು, ತಮ್ಮ ಪಾಲಿಗೆ ಬಂದ ಕುರಿಗಳನ್ನು ಮಾರಿ ಅದನ್ನು ತಂದಿದ್ದರು. ‘ಕುರಿ ಕೊಟ್ಟು ದನಿ ತಂದೀನಿ’ ಎಂದು ನಗುತ್ತಿದ್ದರು. ಅವರ ಸಂಸಾರ ನಡೆಯುತ್ತಿದ್ದದ್ದು ಆ ಒಂದು ಯಂತ್ರದ ಮೇಲೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಆಗ ನನಗೂ ಇದು ಚೆನ್ನಾಗಿ ಗೊತ್ತಿತ್ತು.

ನಾನು ಧಾರವಾಡದಲ್ಲಿ ಎಂ.ಎ. ಮುಗಿಸಿ, ತಲೆಯ ತುಂಬ ಪುಸ್ತಕದ ಸಿಟ್ಟು ತುಂಬಿಕೊಂಡು ಊರಿಗೆ ಮರಳಿದ್ದೆ. ಅಪ್ಪ ವಕೀಲರು. ಹೈದರಾಬಾದಿನ ಚಿಕ್ಕಪ್ಪನಿಂದ ಒಂದು ಸೂಪರ್ ಎಂಟು ಸಿನಿಮಾ ಕ್ಯಾಮೆರಾ ಮತ್ತು ಪುಟ್ಟ ಪ್ರೊಜೆಕ್ಟರನ್ನು ಹಟ ಹಿಡಿದು ತಂದಿದ್ದೆ. ಮಾನವಿ ತಾಲ್ಲೂಕಿನಲ್ಲಿ, ಬಾಗಲವಾಡದ ದಾರಿಯಿಂದ ಒಳಗೆ ಹೋದರೆ ಸಿಗುವ ಒಂದು ಹಳ್ಳಿಯಲ್ಲಿ ಸರ್ಕಾರಿ ದವಾಖಾನೆಯ ಕಟ್ಟಡವೊಂದು ಕಟ್ಟಿದ ದಿನದಿಂದ ಬೀಗ ಹಾಕಿಕೊಂಡು ನಿಂತಿತ್ತು. ಹಳ್ಳಿಯ ಹೆಸರು ಬರೆಯುವುದಿಲ್ಲ. ಬರೆದರೆ ಆ ಒಂದು ಊರಿನಲ್ಲಿ ಮಾತ್ರ ಬೀಗವಿತ್ತು ಎಂದು ಉಳಿದವರು ನಿಟ್ಟುಸಿರು ಬಿಡುತ್ತಾರೆ.

ಆ ಬೀಗವನ್ನೇ ಚಿತ್ರ ಮಾಡಲು ಹೊರಟೆ. ಮೂರು ಮೂರು ನಿಮಿಷದ ರೀಲುಗಳು. ಒಂದೊಂದನ್ನೂ ತೊಳೆಸಲು ಮುಂಬಯಿಗೆ ಅಂಚೆಯಲ್ಲಿ ಕಳಿಸಿ ವಾರಗಟ್ಟಲೆ ಕಾಯಬೇಕಿತ್ತು. ಮೊದಲ ರೀಲು ಪೂರ್ತಿ ಬೆಳ್ಳಗೆ ಬಂತು. ಸೂರ್ಯನ ಕಡೆಗೆ ಕ್ಯಾಮೆರಾ ಹಿಡಿದಿದ್ದೆ. ಎರಡನೆಯದರಲ್ಲಿ ಗೋಡೆಯ ಬಿರುಕು ಸ್ಪಷ್ಟವಾಗಿತ್ತು, ಬೀಗ ಮಂಜಾಗಿತ್ತು. ಕೇಳೋಣವೆಂದರೆ ಊರಿನಲ್ಲಿ ಬಲ್ಲವರಿಲ್ಲ. ಕೊನೆಗೆ, ಇಪ್ಪತ್ತು ವರ್ಷ ಪಿಕ್ಚರುಗಳ ನಡುವೆಯೇ ಬದುಕಿದ ಮನುಷ್ಯನೆಂದು ಕಾಕಾನ ಬಳಿ ಹೋದೆ. ಟಾಕೀಸಿನ ಹಿಂದೆ ಅವರು ಅಂಟು ಕುದಿಸುತ್ತಿದ್ದ ಕೋಣೆಯಲ್ಲಿ, ಹಳೆಯ ಪೋಸ್ಟರೊಂದರ ಬೆನ್ನಿನ ಬಿಳಿಯ ಮೇಲೆ ನನ್ನ ಚಿತ್ರ ಮೊದಲ ಸಲ ಓಡಿತು.

‘ಈ ಸೂರ್ಯ ಮುಳುಗೂದು ಯಾಕ ಹಾಕೀದಿ?’ ಎಂದರು.

‘ಅದು ಸಂಕೇತ ಕಾಕಾ.’

‘ದವಾಖಾನಿ ಹಗಲತ್ತು ಕೀಲಿ ಹಾಕ್ಯದ. ನೀ ಸೂರ್ಯನ ಮುಳುಗಿಸಿದ್ರ, ಸಂಜಿ ಆತು, ಡಾಕ್ಟರ್ ಮನಿಗೆ ಹೋಗ್ಯಾರ ಅಂತಾರ ಮಂದಿ. ಅವರಿಗೆ ರಜಾ ಕೊಡ್ತೀ ಏನು ನೀನು?’

ಸೂರ್ಯನನ್ನು ಕತ್ತರಿಸಿದೆ. ಎರಡು ವರ್ಷದ ಓದಿನಲ್ಲಿ ಯಾರೂ ಹೇಳಿಕೊಡದ ಪಾಠ ಅದು: ನೋಡುವವನು ಎಲ್ಲಿ ತಪ್ಪಿಸಿಕೊಳ್ಳುತ್ತಾನೋ ಅಲ್ಲಿ ಕತ್ತರಿ ಹಾಕಬೇಕು. ಬೀಗವನ್ನು ಮೂರು ಸಲ ತೋರಿಸು ಎಂದವರೂ ಅವರೇ. ಒಮ್ಮೆ ತೋರಿಸಿದರೆ ಅದು ಬರೀ ಬೀಗ, ಮೂರನೆಯ ಸಲಕ್ಕೆ ಅದು ವಿಲನ್ ಆಗುತ್ತದಂತೆ. ಹದಿನೆಂಟು ನಿಮಿಷದ ಮೂಕಚಿತ್ರ ಸಿದ್ಧವಾಯಿತು. ಕೊನೆಯಲ್ಲಿ ‘ಮುಕ್ತಾಯ’ ಎಂಬ ಫಲಕ ಹಾಕಲಿಲ್ಲ. ಒಳ್ಳೆಯ ಚಿತ್ರ ಮುಗಿಯಿತೆಂದು ತಾನೇ ಸಾರಬಾರದು ಎಂದು ಎಲ್ಲಿಯೋ ಓದಿದ್ದೆ.

ಮೊದಲ ಪ್ರದರ್ಶನ ಮಾನವಿಯಲ್ಲಿ, ಬಾಡಿಗೆಯ ಒಂದು ಸಭಾಂಗಣದಲ್ಲಿ. ನಾನೇ ಆಮಂತ್ರಣ ಬರೆದು, ಭಾಷಣಗಳಲ್ಲಿ ಜನರ ಹೆಸರು ಜಪಿಸುವ ಎಲ್ಲ ಗಣ್ಯರ ಮನೆಗೂ ಹೋಗಿ ಕೊಟ್ಟುಬಂದೆ. ಅವರಲ್ಲಿ ಒಬ್ಬರೂ ಬರಲಿಲ್ಲ. ಖಾಲಿ ಕುರ್ಚಿಗಳ ಮುಂದೆ ಆ ಬೀಗ ಮೂರು ಸಲ ಕಾಣಿಸಿ ಮಾಯವಾಯಿತು. ಬಂದಿದ್ದ ಒಬ್ಬರೇ ಒಬ್ಬರು, ನನ್ನ ಸೋದರತ್ತೆ, ‘ಛೊಲೋ ಅದ, ಆದರ ಯಾರೂ ಮಾತಾಡಂಗಿಲ್ಲಲ್ಲ’ ಎಂದರು. ಆ ದಿನದ ಸಿಟ್ಟು ಇಂದಿಗೂ ಆರಿಲ್ಲ. ಬಾರದವರ ಮೇಲಿನ ಸಿಟ್ಟು ಅದೆಂದು ಬಹಳ ದಿನ ನಂಬಿದ್ದೆ.

ನಾನು ಅಚ್ಚು ಹಾಕಿಸಿದ್ದ ಕರಪತ್ರವನ್ನು ಕಾಕಾ ಅಕ್ಷರ ಅಕ್ಷರವಾಗಿ ಓದಿದರು. ‘ಕಿರುಚಿ... ತ್ರ. ಕಿರಿಚೂದು ಅದ ಏನವ್ವಾ ಇದರಾಗ? ಮೂಕ ಪಿಕ್ಚರ್ ಅಂದಿದ್ದಿ!’

‘ಕಿರು ಅಂದರೆ ಸಣ್ಣದು ಕಾಕಾ. ಸಣ್ಣ ಚಿತ್ರ.’

‘ನಂದು ಸಣ್ಣದು ಅಂತ ಕೂಗಿ ಸಂತ್ಯಾಗ ಯಾರರ ಬದನಿಕಾಯಿ ಮಾರ್ತಾರೇನು? ಮತ್ತ ಈ ಹೆಸರೊಂದು, ಬೀಗ! ಬೀಗರ ಪಿಕ್ಚರ್ ಅಂತ ತಿಳಕೊಂಡು ಹೊಸ ಸೀರಿ ಉಟ್ಟು ಬರ್ತಾರ ನೋಡು. ಕೀಲಿ ಅನ್ನು, ಕೀಲಿ. ಇರಲಿ ಬಿಡು, ಕಿರಿಚೂದು ನಾ ಕಿರಿಚ್ತೀನಿ.’

ದೇವದುರ್ಗದ ಸಂತೆಯ ದಿನ ಗೊತ್ತು ಮಾಡಿದರು. ಖಾಲಿ ಇದ್ದ ಒಂದು ಹತ್ತಿಯ ಗೋದಾಮು ಕೇಳಿ, ಕಿಟಕಿಗಳಿಗೆಲ್ಲ ಗೋಣಿತಟ್ಟು ಜಡಿದು, ಮಟಮಟ ಮಧ್ಯಾಹ್ನವನ್ನೇ ಕತ್ತಲೆ ಮಾಡಿದರು. ಆಮೇಲೆ ಮೈಕು ಹಿಡಿದು ಸಂತೆಯೊಳಗೆ ನಡೆದರು. ‘ಇದರಾಗ ಹೀರೋ ಇಲ್ಲ, ಫೈಟಿಂಗ್ ಇಲ್ಲ, ಹಾಡಿಲ್ಲ. ಒಂದು ಕೀಲಿ ಅದ! ಎಲ್ಲ್ಯರ ನೋಡೀರೇನು, ಬಂದು ನೋಡಿ ಹೇಳ್ರಿ!’ ಜನ ನಗುತ್ತ ಬಂದರು. ಬುಟ್ಟಿ, ಚೀಲ, ಕೂಸುಗಳ ಸಮೇತ ಬಂದು ಗೋದಾಮು ತುಂಬಿದರು. ಚಿತ್ರ ಓಡುವಾಗ ಕಾಕಾ ಮೈಕಿನಲ್ಲಿ ಕಥೆ ಹೇಳಿದರು. ಬೀಗ ಮೊದಲ ಸಲ ಕಂಡಾಗ ಒಂದು ಮೂಲೆಯಿಂದ ‘ಇದು ನಮ್ಮೂರ ದವಾಖಾನಿ!’ ಎಂಬ ಕೂಗು. ಎದುರು ಮೂಲೆಯಿಂದ ‘ನಿಮ್ಮೂರದ್ದೆಲ್ಲಿಂದ ಬಂತಲೇ, ನಮ್ಮೂರಿಂದು!’ ಎಂದು ಇನ್ನೊಂದು. ಅದು ಇಬ್ಬರ ಊರಿನದೂ ಆಗಿರಲಿಲ್ಲ.

ಹದಿನೆಂಟು ನಿಮಿಷ ಮುಗಿದವು. ಗೋಣಿತಟ್ಟು ಸರಿಸಿದಾಗ ಎಲ್ಲರೂ ಎದ್ದು ಹೊರಗೆ ಹೋದರು. ನಾನು ರೀಲು ಸುತ್ತತೊಡಗಿದೆ. ಸ್ವಲ್ಪ ಹೊತ್ತಿಗೆ ಒಬ್ಬೊಬ್ಬರಾಗಿ ಮರಳಿ ಬಂದು ತಮ್ಮ ತಮ್ಮ ಜಾಗದಲ್ಲಿಯೇ ಕುಳಿತರು. ಬಾಯಲ್ಲಿ ಬೀಡಿ, ಕೈಯಲ್ಲಿ ಮಂಡಾಳ ಒಗ್ಗರಣೆಯ ಪೊಟ್ಟಣ. ನನಗೆ ಅರ್ಥವಾಗಲಿಲ್ಲ. ಹಿಂದಿನಿಂದ ಒಬ್ಬ ಕೂಗಿದ: ‘ಇಂಟರ್ವಲ್ ಮುಗೀತಲ್ರೀ, ಉಳದ ಪಿಕ್ಚರ್ ಬಿಡ್ರಿ!’

ಮುಕ್ತಾಯದ ಫಲಕವಿಲ್ಲದ ನನ್ನ ಕಲಾತ್ಮಕ ಅಂತ್ಯವನ್ನು ಅವರು ಇಂಟರ್ವಲ್ ಎಂದುಕೊಂಡಿದ್ದರು. ಯೋಚಿಸಿದರೆ ಅವರದೇ ಸರಿ. ಬೀಗ ತೋರಿಸಿದವಳು ಅದನ್ನು ತೆಗೆದು ತೋರಿಸಬೇಡವೇ? ಚಿತ್ರ ಇಷ್ಟೇ ಎಂದು ಹೇಳಿಬಿಡಿ ಎಂದು ಕಾಕಾನಿಗೆ ಪಿಸುಗುಟ್ಟಿದೆ. ಅವರು ನನ್ನನ್ನೇ ನೋಡಿದರು.

‘ಕುಂತ ಮಂದೀನ ಎಬ್ಬಿಸಬಾರದವ್ವಾ. ಉಳದದ್ದು ಬರಿ, ನಾ ಓದ್ತೀನಿ.’

ಕರಪತ್ರವೊಂದರ ಬೆನ್ನಿನ ಮೇಲೆ, ಪ್ರೊಜೆಕ್ಟರಿನ ಪೆಟ್ಟಿಗೆಯನ್ನೇ ಮೇಜು ಮಾಡಿಕೊಂಡು ಬರೆದೆ. ಕೀಲಿಕೈ ಯಾರ ಬಳಿ ಇದೆ? ಬಾರದ ಡಾಕ್ಟರರ ಹಾಜರಿಗೆ ಯಾರು ಸಹಿ ಮಾಡುತ್ತಾರೆ? ಬಂದ ಔಷಧ ಎಲ್ಲಿಗೆ ಹೋಗುತ್ತದೆ? ಕಾಕಾ ಒಂದೊಂದನ್ನೂ ಓದಿ, ಮೈಕನ್ನು ಜನರ ಕಡೆ ಚಾಚಿದರು. ಮೊದಲು ನಗು. ಆಮೇಲೆ ವಯಸ್ಸಾದ ಒಬ್ಬ ಹೆಣ್ಣುಮಗಳು ಸೆರಗು ಕಟ್ಟಿಕೊಂಡು ಎದ್ದು ನಿಂತಳು. ‘ನನ್ನ ಸೊಸಿ ಹಡದದ್ದು ಆ ಕೀಲಿ ಹಾಕಿದ ಬಾಗಲ ಮುಂದರೀ. ಕೀಲಿಕೈ ಕೇಳಾಕ ನನ್ನ ಮಗ ನಾಕು ಊರು ಅಡ್ಡಾಡಿದ. ಕೂಸು ಉಳೀತು...’ ಅವಳು ಅಲ್ಲಿಗೇ ನಿಲ್ಲಿಸಿದಳು. ಕಾಕಾ ಮೈಕು ಹಿಂದಕ್ಕೆ ಎಳೆದುಕೊಳ್ಳಲಿಲ್ಲ. ಆ ಮೌನವೂ ಹಾರ್ನಿನಲ್ಲಿ ಸಂತೆಗೆಲ್ಲ ಕೇಳಿತು.

ಇಂಟರ್ವಲ್ಲಿನ ನಂತರದ ಆ ಭಾಗ ಒಂದು ತಾಸಿಗೂ ಹೆಚ್ಚು ನಡೆಯಿತು. ನಾನು ಮಾಡಿದ ಅತ್ಯುತ್ತಮ ಚಿತ್ರ ಅದು. ಅದರ ಒಂದು ಚೌಕಟ್ಟೂ ಯಾವ ರೀಲಿನಲ್ಲಿಯೂ ಇಲ್ಲ.

ಎರಡು ದಿನಗಳ ಮೇಲೆ ನಮ್ಮಿಬ್ಬರಿಗೂ ಒಂದು ಸರ್ಕಾರಿ ಕಚೇರಿಯಿಂದ ಕರೆ ಬಂತು. ಹೋದ ಕೂಡಲೇ ನನಗೆ ಕುರ್ಚಿ ಹಾಕಿಸಿದರು, ಕಪ್ಪುಬಸಿಯಲ್ಲಿ ಚಹಾ ತರಿಸಿದರು. ಕಾಕಾನನ್ನು ಬಾಗಿಲ ಹೊರಗೆ ನಿಲ್ಲಿಸಿದರು. ಅವರ ಮೈಕು, ಹಾರ್ನು ಆಗಲೇ ಒಳಗೆ ನೆಲದ ಮೇಲಿದ್ದವು, ಕೊರಳಿಗೊಂದು ಚೀಟಿ ಕಟ್ಟಿಸಿಕೊಂಡು. ‘ನೀವು ವಕೀಲರ ಮಗಳು. ಇಂಥವರ ಸಂಗಡ ಯಾಕ ತಿರಗಾಡ್ತೀರಿ?’ ಎಂದರು ಸಾಹೇಬರು, ಅಕ್ಕರೆಯಿಂದಲೇ. ಆಮೇಲೆ ಕಾಕಾನನ್ನು ಒಳಗೆ ಕರೆದರು.

‘ಮೈಕಿನ್ಯಾಗ ಅಂದ ಮಾತು ಯಾರುವಲೇ? ಯಾರು ಬರದು ಕೊಟ್ಟರು?’

ನಾನು ಹೇಳಬೇಕಾದದ್ದು ಎರಡೇ ಶಬ್ದ. ಅದಕ್ಕೆ ಯಾವ ವಿಶ್ವವಿದ್ಯಾಲಯವೂ ಬೇಕಿರಲಿಲ್ಲ.

‘ಬರದದ್ದು ಓದಾಕ ನನಗೆಲ್ಲಿ ಬರ್ತದರೀ ಸಾಹೇಬ್ರ’ ಎಂದರು ಕಾಕಾ, ಮೂರು ಭಾಷೆಯ ಪೋಸ್ಟರು ಓದುತ್ತಿದ್ದ ಮನುಷ್ಯ. ‘ಬಾಯಿಗೆ ಬಂದದ್ದು ಅಂದೀನಿ. ಮಾತು ನನ್ನುವರೀ. ಈ ಯವ್ವ ಬರೇ ಮಿಷನ್ ತಿರುವಿದ್ಲು.’

ನಾನು ಚಹಾದ ಮೇಲೆ ಕಟ್ಟಿದ್ದ ಕೆನೆಯನ್ನು ನೋಡುತ್ತ ಕುಳಿತಿದ್ದೆ.

ಹೊರಗೆ ಬಂದ ಮೇಲೆ, ನಾನು ಕೇಳಿದ ಮೊದಲ ಪ್ರಶ್ನೆ ಅವರ ಮೈಕಿನದಲ್ಲ. ‘ಆ ಚೀಟಿ ಎಲ್ಲಿ ಕಾಕಾ?’ ಎಂದೆ. ನನ್ನ ಕೈಬರಹದ ಚೀಟಿ. ಅವರಿಗೆ ನನ್ನ ಭಯ ಅರ್ಥವಾಗಿತ್ತು. ಅದಕ್ಕಾಗಿ ನನ್ನನ್ನು ಹಳಿಯಲೂ ಇಲ್ಲ. ‘ಅವತ್ತ ಗೋದಾಮಿನ ಗ್ವಾಡಿಗೆ ಹಚ್ಚಿಬಿಟ್ಟೀನಿ. ಬರದ ಮಗ್ಗಲ ಒಳಗ ಮಾಡಿ. ಮೈಲುತುತ್ತ ಹಾಕಿದ ಅಂಟವ್ವಾ, ಆಡು ಸೈತ ಮುಟ್ಟಂಗಿಲ್ಲ’ ಎಂದು ನಕ್ಕರು. ನಾನೂ ನಕ್ಕೆ. ನಿರಾಳವಾಗಿ ನಕ್ಕೆ. ಆ ನಗುವನ್ನು ಇಂದಿಗೂ ಕ್ಷಮಿಸಿಕೊಳ್ಳಲಾಗಿಲ್ಲ.

ತನಿಖೆ ಮುಗಿಯುವವರೆಗೆ ಮೈಕು ಅಲ್ಲಿಯೇ ಇರಲಿ ಎಂದಿದ್ದರು. ತನಿಖೆ ಮುಗಿಯಲಿಲ್ಲ, ಶುರುವೂ ಆಗಲಿಲ್ಲ. ಮೈಕಿಲ್ಲದವರು ಟಾಕೀಸಿಗೆ ಬೇಕಾಗಲಿಲ್ಲ. ನಾನು ಆ ವರ್ಷವೇ ದೂರದ ಕಾಲೇಜೊಂದರಲ್ಲಿ ಕೆಲಸ ಹಿಡಿದು ಊರು ಬಿಟ್ಟೆ. ಪತ್ರಿಕೆಗಳಲ್ಲಿ ಬರೆದೆ. ಮಂತ್ರಿಗಳನ್ನು, ಅಧಿಕಾರಿಗಳನ್ನು ಉತ್ತರದಾಯಿತ್ವದ ಹೆಸರಿನಲ್ಲಿ ಕಟಕಟೆಗೆ ಎಳೆದೆ. ಕಾಕಾನ ಮೈಕು ಬಿಡಿಸಲು ಒಂದು ಅರ್ಜಿಯನ್ನು ಎಷ್ಟು ಸಲ ಬರೆದೆನೋ ಅಷ್ಟೇ ಸಲ ಹರಿದೆ. ಪ್ರತಿಸಲವೂ ಮೂರನೆಯ ವಾಕ್ಯಕ್ಕೆ ಬಂದಾಗ ‘ಆ ಮಾತುಗಳು ನನ್ನವು’ ಎಂದು ಬರೆಯಬೇಕಾಗುತ್ತಿತ್ತು. ಕಾಯಂ ಆಗದ ನೌಕರಿ, ಅಪ್ಪನ ವಕಾಲತ್ತು, ತಂಗಿಯ ಮದುವೆ... ಕಾರಣಗಳಿಗೇನೂ ಬರವಿರಲಿಲ್ಲ. ಬೀಗ ಹಾಕಿದವರ ಬಳಿಯೂ ಕಾರಣಗಳಿದ್ದವು.

ಕಳೆದ ತಿಂಗಳು ಆ ಓಣಿಯಲ್ಲಿ, ಪೋಸ್ಟರು ಹಚ್ಚುತ್ತಿದ್ದವನನ್ನು ಕೇಳಿದೆ. ಆತ ಕುಂಚ ಕೆಳಗಿಟ್ಟ.

‘ಮೈಕಿನ ಕಾಕಾನೇನ್ರಿ? ಹೋಗಿ ಎರಡು ವರ್ಷ ಆತಲ್ರೀ ಅಕ್ಕಾರ. ಕಡೀತನಾ ಸಂತ್ಯಾಗ ಬರೇ ಬಾಯಿಲೆ ಕೂಗ್ತಿದ್ರು, ಬಳಿ ಮಾರವ್ರಿಗೆ, ಬೀಜ ಮಾರವ್ರಿಗೆ. ಮೈಕ್ ಯಾಕ ಅಂತಿದ್ರು.’

ಮರುದಿನ ಬಾಗಲವಾಡದ ದಾರಿಗೆ ಹೋದೆ. ದವಾಖಾನೆಯ ಬೀಗ ಬದಲಾಗಿದೆ. ಇದು ಹೊಸದು, ಹಳೆಯದಕ್ಕಿಂತ ದೊಡ್ಡದು. ಅಲ್ಲಿಂದ ಆ ಕಚೇರಿಗೆ. ಅಂಥ ಮೈಕಾಗಲಿ ಅದರ ಕಡತವಾಗಲಿ ತಮ್ಮಲ್ಲಿ ಇಲ್ಲವೆಂದರು. ಯಾರ ಸಹಿಯಿಂದ ಒಳಗೆ ಬಂತು, ಯಾರ ಸಹಿಯಿಂದ ಹೊರಗೆ ಹೋಯಿತು ಎಂದು ಕೇಳಿದೆ. ನನ್ನ ದನಿ ಏರಿತ್ತು. ಗುಮಾಸ್ತ ತಾಳ್ಮೆಯಿಂದ ‘ಮೈಕಿನ ಮಾಲಕರು ಬಂದು ಕೇಳಲಿ’ ಎಂದ.

ಕೊನೆಗೆ ದೇವದುರ್ಗದ ಗೋದಾಮಿನ ಗೋಡೆ. ಹತ್ತು ವರ್ಷದ ಪೋಸ್ಟರುಗಳು ಒಂದರ ಮೇಲೊಂದು ಕೂತು ಕೌದಿಯಷ್ಟು ದಪ್ಪವಾಗಿದ್ದವು. ಉಗುರಿನಿಂದ ಕೆರೆದೆ. ಸಿನಿಮಾ, ಚುನಾವಣೆ, ಬೀಜದ ಕಂಪನಿ, ಮತ್ತೆ ಸಿನಿಮಾ... ಉಗುರಿನ ಸಂದಿಯಲ್ಲಿ ನೀಲಿ ಪುಡಿ ಸೇರಿತೇ ಹೊರತು ನನ್ನ ಅಕ್ಷರ ಸಿಗಲಿಲ್ಲ. ಕಾಕಾ ಹಚ್ಚಿದ್ದು ಅಷ್ಟು ಗಟ್ಟಿಯಾಗಿತ್ತು.

ಆದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ. ಸಾಹೇಬರೇ, ನೀವು ಈಗ ಯಾವ ಊರಿನ ಯಾವ ಕುರ್ಚಿಯಲ್ಲಿದ್ದರೂ ಓದಿಕೊಳ್ಳಿ. ಕೀಲಿಕೈ ಯಾರ ಬಳಿ ಇದೆ, ಹಾಜರಿಗೆ ಯಾರು ಸಹಿ ಮಾಡುತ್ತಾರೆ, ಔಷಧ ಎಲ್ಲಿಗೆ ಹೋಗುತ್ತದೆ ಎಂದು ಅಂದು ಕೇಳಿದ ಮಾತುಗಳು ನನ್ನವು. ಬರೆದ ಮಗ್ಗುಲು ಈಗ ಹೊರಗಿದೆ. ಅದನ್ನು ಸಂತೆಗೆಲ್ಲ ಕೇಳುವಂತೆ ಓದುತ್ತಿದ್ದ ದನಿ ಮಾತ್ರ ಇಲ್ಲ.