ಐದನೆಯ ತಟ್ಟೆ

ಅವರ ಬಲಗೈ ಹೆಬ್ಬೆರಳು ಯಾವಾಗಲೂ ನೇರಳೆ ಬಣ್ಣಕ್ಕಿರುತ್ತಿತ್ತು. ತಾರೀಖಿನ ಮೊಹರಿನ ಚಕ್ರಗಳನ್ನು ಬೆರಳಿನಿಂದಲೇ ತಿರುಗಿಸಿ ತಿರುಗಿಸಿ ಶಾಯಿ ಉಗುರಿನ ಸಂದಿಗೆ ಇಳಿದು ಕೂತಿತ್ತು. ದೋಣಿಮಲೈ ಕ್ವಾರ್ಟರ್ಸಿನಲ್ಲಿ ಗೋಡೆ, ಒಣಹಾಕಿದ ಬಟ್ಟೆ, ನಾಯಿಗಳ ಬೆನ್ನು ಎಲ್ಲವೂ ಅದಿರಿನ ಧೂಳಿಗೆ ಕೆಂಪಾಗುತ್ತಿದ್ದವು. ಆ ಒಂದು ಬೆರಳು ಮಾತ್ರ ನೇರಳೆ. ಮಕ್ಕಳಾದ ನಾವು ಅವರನ್ನು ಲೈಬ್ರರಿ ಮೇಡಂ ಎನ್ನುತ್ತಿದ್ದೆವು.

ಅಪ್ಪ ಗಣಿಯಲ್ಲಿ ಡಂಪರ್ ಓಡಿಸುತ್ತಿದ್ದರು. ನಾನು ಶಾಲೆ ಬಿಟ್ಟರೆ ಲೈಬ್ರರಿ. ಅಲ್ಲಿ ಹನ್ನೆರಡು ಪುಸ್ತಕಗಳ ಒಂದು ಮಕ್ಕಳ ಕಥಾಮಾಲೆ ಇತ್ತು: ಹೊಳೆದಂಡೆಯ ಊರು, ಒಬ್ಬ ಅಜ್ಜಿ, ಮೂವರು ಮೊಮ್ಮಕ್ಕಳು. ಪ್ರತಿ ಪುಸ್ತಕದಲ್ಲೂ ಆ ಮಕ್ಕಳು ಯಾವುದೋ ಕಳ್ಳತನವನ್ನು ಪತ್ತೆ ಮಾಡುತ್ತಿದ್ದರು. ಮೇಡಂಗೆ ಕಳ್ಳತನಗಳ ಬಗ್ಗೆ ಆಸಕ್ತಿಯೇ ಇರಲಿಲ್ಲ. ಲೇಖಕರು ಹೇಳದೆ ಬಿಟ್ಟ ಚೂರುಪಾರು ಸಂಗತಿಗಳೇ ಅವರಿಗೆ ಬೇಕಿದ್ದವು. ಎರಡನೆಯ ಪುಸ್ತಕದಲ್ಲಿ ಬಸ್ಸಿನ ತನಕ ಹಿಂದೆ ಬಂದ ಕುಂಟು ನಾಯಿ ಆಮೇಲೆ ಎಲ್ಲಿ ಹೋಯಿತು? ಏಳನೆಯದರಲ್ಲಿ ಅಜ್ಜಿ ಒಡೆಯದೆ ಸೊಂಟಕ್ಕೆ ಸಿಕ್ಕಿಸಿಕೊಂಡ ಕಾಗದದಲ್ಲಿ ಏನಿತ್ತು? ಇವೆಲ್ಲಕ್ಕಿಂತ ಹೆಚ್ಚಾಗಿ ಅವರನ್ನು ಕಾಡಿದ್ದು ನಾಲ್ಕನೆಯ ಪುಸ್ತಕ. ಆ ಮನೆಯಲ್ಲಿರುವವರು ನಾಲ್ಕೇ ಜನ. ಅಜ್ಜಿ ಊಟಕ್ಕೆ ಐದು ತಟ್ಟೆ ಇಡುತ್ತಾಳೆ. ಯಾಕೆಂದು ಯಾರೂ ಕೇಳುವುದಿಲ್ಲ.

ಈ ಪ್ರಶ್ನೆಗಳಿಗೆಂದೇ ಅವರ ಬಳಿ ಒಂದು ಉದ್ದನೆಯ ನೋಟ್‌ಬುಕ್ ಇತ್ತು. ಹೊಸ ಪ್ರಶ್ನೆ ಹುಡುಕಿ ತಂದವರಿಗೆ ಒಂದು ಪುಸ್ತಕ ಹೆಚ್ಚಿಗೆ ಕೊಡುತ್ತಿದ್ದರು. ಒಮ್ಮೆ ನಾನು ಜಾಣತನ ತೋರಿಸಲು ಹೋಗಿ, ಕಾಗದ ಬರೆದವನು ಅಜ್ಜಿಯ ಕಳೆದುಹೋದ ತಮ್ಮ ಎಂದು ಉತ್ತರವನ್ನೇ ಬರೆದುಬಿಟ್ಟೆ. ಅವರು ಅದರ ಮೇಲೆ ಗೀಟು ಎಳೆದರು.

"ಭಾಳ ಚಂದ ಐತವ್ವ. ಆದ್ರ ಇದು ನಿಂದು, ಪುಸ್ತಕದ್ದಲ್ಲ. ಗೊತ್ತಿಲ್ಲ ಅಂದ್ರ ಗೊತ್ತಿಲ್ಲ ಅಂತ ಇರ್ಲಿ ಬಿಡು."

ನೋಟ್‌ಬುಕ್ಕಿನ ಮೊದಲ ಪುಟಗಳ ಅಕ್ಷರ ಅವರದಲ್ಲವೆಂದು ಗಮನಿಸಿದಾಗ ನಾನು ಒಂಬತ್ತನೆಯ ತರಗತಿಯಲ್ಲಿದ್ದೆ. ಪೆನ್ಸಿಲಿನ ದುಂಡು ಅಕ್ಷರ. ಅದು ಅವರ ಮಗಳದ್ದು ಎಂದು ನನ್ನ ಅಮ್ಮ ಹೇಳಿದಳು. ಹತ್ತು ವರ್ಷಕ್ಕೇ ಜ್ವರದಲ್ಲಿ ತೀರಿಕೊಂಡಳಂತೆ. ಆಸ್ಪತ್ರೆಯ ಮಂಚದ ಮೇಲೆ ಓದುತ್ತ, ಐದನೆಯ ತಟ್ಟೆ ಯಾರದ್ದು ಎಂದು ತಾಯಿಯನ್ನು ಕೇಳಿದ್ದಳಂತೆ. ಬರೆದವರನ್ನೇ ಕೇಳಿ ಹೇಳುತ್ತೇನೆ ಎಂದು ಮೇಡಂ ಮಾತು ಕೊಟ್ಟಿದ್ದರು. ಪುಸ್ತಕದ ಹಿಂದಿದ್ದ ಪ್ರಕಾಶಕರ ವಿಳಾಸಕ್ಕೆ ವರ್ಷವರ್ಷವೂ ಕಾಗದ ಹಾಕಿದರು. ಒಂದಕ್ಕೂ ಉತ್ತರ ಬರಲಿಲ್ಲ.

ನಾನು ಬಿ.ಎಡ್. ಓದಲು ಮೈಸೂರಿಗೆ ಹೋಗುವ ಹೊತ್ತಿಗೆ ಅವರು ನಿವೃತ್ತರಾಗಿ ಹೊಸಪೇಟೆಯ ಚಿತ್ತವಾಡ್ಗಿಯಲ್ಲಿ ತಂಗಿಯ ಮನೆಯಲ್ಲಿದ್ದರು. ಹೊಟ್ಟೆಯಲ್ಲಿ ಗಡ್ಡೆ ಇರುವುದು ಗೊತ್ತಾಗಿತ್ತು, ಗೊತ್ತಾಗಿದ್ದು ತಡವಾಗಿ. ಅದೇ ವರ್ಷ, ಆ ಲೇಖಕರು ಮೈಸೂರಿನಲ್ಲೇ ಇದ್ದಾರೆಂದು ನನ್ನ ಅಧ್ಯಾಪಕರೊಬ್ಬರು ಹೇಳಿದರು. ಮೇಡಂಗೆ ಫೋನ್ ಮಾಡಿ ತಿಳಿಸಿ, ನಾಲ್ಕನೆಯ ಪುಸ್ತಕ ಹಿಡಿದು ಲೇಖಕರ ಮನೆಗೆ ಹೋದೆ.

ತೀರಾ ವಯಸ್ಸಾದವರು, ಸಜ್ಜನರು. ಕಾಫಿ ಕೊಡಿಸಿದರು. ಪ್ರಕಾಶಕರು ಯಾವ ಕಾಗದವನ್ನೂ ಅವರಿಗೆ ತಲುಪಿಸಿರಲಿಲ್ಲ. ನಾಯಿಯ ನೆನಪು ಅವರಿಗಿರಲಿಲ್ಲ, ಅಜ್ಜಿಯ ಕಾಗದದ್ದೂ ಇರಲಿಲ್ಲ. ತಟ್ಟೆಯ ಪುಟವನ್ನು ಮಾತ್ರ ಕನ್ನಡಕ ಹಾಕಿಕೊಂಡು ಎರಡು ಸಲ ಓದಿದರು.

"ನಾಲ್ಕು ಅಂತ ಇರಬೇಕಿತ್ತಮ್ಮ. ನನ್ನ ಕೈತಪ್ಪು. ಇಷ್ಟು ವರ್ಷ ಯಾರೂ ಹೇಳಲೇ ಇಲ್ಲ ನೋಡು."

ಹೊಸಪೇಟೆಗೆ ಬರುವ ರೈಲಿನಲ್ಲಿ ಉದ್ದಕ್ಕೂ ಬೇರೆ ಬೇರೆ ಉತ್ತರ ಹೊಂದಿಸುತ್ತ ಕೂತಿದ್ದೆ. ಮನೆ ಬಿಟ್ಟು ದೂರ ಹೋದ ಒಂದು ಮಗುವಿಗಾಗಿ ಅಜ್ಜಿ ಆ ತಟ್ಟೆ ಇಡುತ್ತಿದ್ದಳು ಎಂದರೆ ಸಾಕಿತ್ತು. ಮನೆ ಹೊಕ್ಕಾಗ ಮೇಡಂ ಕಿಟಕಿಯ ಪಕ್ಕದ ಮಂಚದಲ್ಲಿ ದಿಂಬಿಗೆ ಒರಗಿದ್ದರು. ಕಾಲು ಬಾತಿದ್ದವು. ನಾನು ಕೂರುವ ಮೊದಲೇ, ಏನಂದರು ಎಂದು ಕೇಳಿದರು. ಆ ಮುಖ ನೋಡಿ ಹೊಂದಿಸಿಟ್ಟುಕೊಂಡಿದ್ದ ಮಾತು ಬಾಯಿಗೆ ಬರಲಿಲ್ಲ.

"ತಪ್ಪು ಬಿದ್ದಿತ್ತಂತ್ರಿ ಮೇಡಂ. ನಾಲ್ಕು ಅಂತ ಇರಬೇಕಿತ್ತಂತ."

ಅವರು ಹೊದಿಕೆಯ ಅಂಚನ್ನು ಸರಿಮಾಡಿಕೊಂಡರು. "ಯಾರದೂ ಅಲ್ಲ ಹಂಗಾರ," ಎಂದರು.

ಅವರ ತಂಗಿ ತಂದಿಟ್ಟ ಚಹಾ ಆರಿಹೋಯಿತು. ನಾನು ಏಳಬೇಕೆನ್ನುವಾಗ ಮತ್ತೊಂದು ಮಾತು ಬಂತು.

"ನೀ ಬ್ಯಾರೆ ಏನರ ಹೇಳಿದ್ರೂ ನಾ ನಂಬ್ತಿದ್ದೆ."

ಅದು ದೂರೋ ಮೆಚ್ಚುಗೆಯೋ ತಿಳಿಯಲಿಲ್ಲ. ಕೇಳುವ ಮೊದಲೇ ಅವರು ಗೋಡೆಯ ಕಡೆ ಹೊರಳಿದ್ದರು. ತಿಂಗಳು ತುಂಬುವುದರೊಳಗೆ ಹೋದರು. ನೋಟ್‌ಬುಕ್ ಕೊಡುವಿರಾ ಎಂದು ಅವರ ತಂಗಿಯನ್ನು ಕೇಳಿದೆ. ನಾನು ಬಂದು ಹೋದ ಮರುದಿನವೇ ಅಕ್ಕ ಅದನ್ನು ಹಳೆಯ ಪೇಪರಿನ ಜೊತೆ ರದ್ದಿಗೆ ಹಾಕಿಸಿದಳು ಎಂದರು.

ಈಗ ನಾನು ಕಂಪ್ಲಿಯ ಒಂದು ಶಾಲೆಯಲ್ಲಿ ಪಾಠ ಮಾಡುತ್ತೇನೆ. ಓದುವುದೆಂದರೆ ಏನೆಂದು ಕಲಿಸಿದವರು ಅವರು. ಆ ದಿನ ಅವರಿಗೊಂದು ಸುಳ್ಳು ಹೇಳಬಹುದಿತ್ತು. ನಾನು ಹೇಳಲಿಲ್ಲ.