ಕೂಳೆ ಜೋಳದ ರಸ

ಅಪ್ಪ ಐಮಂಗಲದಿಂದ ಮೊದಲ ಬಸ್ಸಿಗೇ ಹಿರಿಯೂರಿಗೆ ಬಂದು, ನಾನು ರಸಾಯನಶಾಸ್ತ್ರ ಕಲಿಸುವ ಕಾಲೇಜಿನ ಲ್ಯಾಬಿನ ಮುಂದೆ ನಿಂತಿದ್ದ. ಬಗಲಲ್ಲಿ ಒದ್ದೆ ಟವೆಲಿನ ಗಂಟು, ಅದರೊಳಗೆ ಜೋಳದ ಎಳೆ ಗರಿ. ಹಿಂದಿನ ದಿನ ನಮ್ಮ ಹಸು ಹೊಲದಲ್ಲಿ ಮೇಯುತ್ತಿದ್ದ ಹಾಗೇ ನೊರೆ ಕಾರಿ ಬಿದ್ದು, ಡಾಕ್ಟರು ಬರುವಷ್ಟರಲ್ಲಿ ಸತ್ತಿತ್ತು.

"ನಿಮ್ಮ ಚಿಕ್ಕಪ್ಪಂದೇ ಕೆಲ್ಸ. ರಾತ್ರಿ ಬಂದು ಎಣ್ಣೆ ಹೊಡ್ದಾನೆ," ಅಂದ ಅಪ್ಪ. ಕೀಟನಾಶಕಕ್ಕೆ ನಮ್ಮಲ್ಲಿ ಎಣ್ಣೆ ಅಂತಲೇ ಅನ್ನುವುದು. "ನೀನು ಪರೀಕ್ಷೆ ಮಾಡಿ ಹೇಳು, ಸೀದಾ ಸ್ಟೇಷನ್ನಿಗೆ ಹೋಗ್ತೀನಿ."

ಅಪ್ಪನಿಗೂ ಚಿಕ್ಕಪ್ಪನಿಗೂ ಬದುವಿನ ಜಗಳವಾಗಿ ಮಾತು ಬಿಟ್ಟು ವರ್ಷಗಳಾಗಿದ್ದವು. ಹೊಲಗಳು ಮಾತ್ರ ಪಕ್ಕಪಕ್ಕ. ಕೊಯ್ದ ಜೋಳದ ಕೂಳೆ ಮತ್ತೆ ಚಿಗುರಿದಾಗ, ಮಳೆ ಕೈಕೊಟ್ಟರೆ, ಆ ಎಳೆ ಗರಿಯಲ್ಲೇ ಸಯನೈಡ್ ವಿಷ ಕೂಡುತ್ತದೆ ಎಂದು ಹೇಳಿದೆ. "ವರ್ಷಾ ವರ್ಷಾ ದನ ಬಿಟ್ಟೀವಿ, ಏನಾಗೈತೆ?" ಅಂದ. ಒಡಹುಟ್ಟಿದವನನ್ನು ದೂರುವಷ್ಟು ಸಲೀಸು ಇನ್ನೊಂದಿಲ್ಲ.

ಹುಡುಗರನ್ನೆಲ್ಲ ಹೊರಗೆ ಕಳಿಸಿ ಕಿಟಕಿಗಳನ್ನು ತೆರೆದೆ. ಗರಿ ಹೆಚ್ಚಿ, ಅರೆದು, ನೀರು ಬೆರೆಸಿ, ಗಾಜಿನ ಫ್ಲಾಸ್ಕಿನಲ್ಲಿ ಬಿರಡೆ ಹಾಕಿ ನೆನೆಯಲು ಬಿಟ್ಟೆ. ಇನ್ನು ಆ ರಸಕ್ಕೆ ಹುಳಿ ಸೇರಿಸಿ ಬಟ್ಟಿ ಇಳಿಸಬೇಕು. ಹುಳಿ ಎಂದರೆ ಟಾರ್ಟಾರಿಕ್ ಆಮ್ಲ, ನಾವು ಸಾರಿಗೆ ಹಿಂಡುವ ಹುಣಸೆಹಣ್ಣಿನಲ್ಲಿರುವುದೇ. ಹುಳಿ ಸಾಲದಿದ್ದರೆ ವಿಷ ರಸದಲ್ಲೇ ಉಳಿದುಬಿಡುತ್ತದೆ. ಸರಿಯಾಗಿ ಹುಳಿಯಾದರೆ ಗಾಳಿಯಾಗಿ ಏಳುತ್ತದೆ. ಹಾಗೆ ಏಳಲಿ ಎಂದೇ ಹುಳಿ ಹಾಕುವುದು, ನನಗೆ ಭಯವಿದ್ದದ್ದೂ ಅದಕ್ಕೇ.

ಮನೆಯಲ್ಲಿ ಗ್ಯಾಸ್ ಹಚ್ಚುವಾಗಲೂ ನಾಲ್ಕು ಸಲ ಮೂಸಿ ನೋಡುವ ಹೆಂಗಸು ನಾನು. ಈ ಗಾಳಿಯ ವಾಸನೆಯಂತೂ ಕೆಲವರ ಮೂಗಿಗೆ ಹತ್ತುವುದೇ ಇಲ್ಲ. ನನ್ನ ಮೂಗು ಎಂಥದ್ದೋ, ಯಾರಿಗೆ ಗೊತ್ತು? ಕೊಳವೆಯ ಕೀಲುಗಳಿಗೆ ವ್ಯಾಸಲೀನ್ ಬಳಿದೆ, ಒರೆಸಿ ಮತ್ತೆ ಬಳಿದೆ. ಹುಳಿಯನ್ನು ತೊಟ್ಟು ತೊಟ್ಟಾಗಿ ಬಿಡುತ್ತ, ನೀಲಿ ಲಿಟ್ಮಸ್ ಕಾಗದ ಕೆಂಪಾಗುವವರೆಗೆ ಉಸಿರು ಬಿಗಿಹಿಡಿದೆ. ಕೆಂಪಾದ ಕೂಡಲೇ ಬಿರಡೆ ಒತ್ತಿ, ಬರ್ನರ್ ಹಚ್ಚಿ ಬಾಗಿಲಿಗೆ ಓಡಿದೆ.

"ಏನಾತವ್ವ?" ಅಂದ ಅಪ್ಪ.

"ಏನಿಲ್ಲ, ಕುಂತ್ಕಳಪ್ಪ," ಅಂದೆ.

ಬಟ್ಟಿ ಇಳಿದ ನೀರು ಆ ತುದಿಯ ಸೀಸೆಯಲ್ಲಿದ್ದ ಕ್ಷಾರದೊಳಕ್ಕೆ ತೊಟ್ಟಿಕ್ಕುತ್ತಿತ್ತು. ಸಯನೈಡ್ ಇದ್ದರೆ ಕಬ್ಬಿಣದ ಉಪ್ಪು ಸೇರಿದಾಗ ಅದು ನೀಲಿಯಾಗುತ್ತದೆ. ನೀಲಿ ಕಾಣಿಸದಿದ್ದರೆ ಅಪ್ಪ ನನ್ನ ಮಾತು ಕೇಳುವವನಲ್ಲ, ಚಿಕ್ಕಪ್ಪನ ಮೇಲೆ ಕೇಸು ಬೀಳುವುದು ಖಂಡಿತ. ಕಾಣಿಸಿದರೆ, ಅಷ್ಟು ಹೊತ್ತೂ ವಿಷ ನನ್ನ ಮುಂದೆಯೇ ಹಾದುಹೋಗಿದೆ ಎಂದರ್ಥ. ನೀಲಿಯೇ ಬರಲಿ ಎಂದು ಬೇಡಿಕೊಂಡೆ.

ಸೀಸೆಯಿಂದ ಸ್ವಲ್ಪ ನಳಿಕೆಗೆ ಸುರಿದು, ಕಬ್ಬಿಣದ ಉಪ್ಪು ಹಾಕಿ, ಬಿಸಿ ಮಾಡಿ, ಕೊನೆಗೊಮ್ಮೆ ಮತ್ತೆ ಆಮ್ಲ ಬಿಟ್ಟೆ. ಬಟ್ಟೆಗೆ ಹಾಕುವ ನೀಲಿಯಂತೆ ಗಾಢವಾಗಿ ಬಂತು.

ಅಪ್ಪನಿಗೆ ನಳಿಕೆ ತೋರಿಸಿದೆ. "ಯಾರೂ ಎಣ್ಣೆ ಹೊಡ್ದಿಲ್ಲಪ್ಪ. ವಿಷ ಕೂಳೆ ಒಳಗೇ ಐತೆ."

ಅಪ್ಪ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದ. ಆಮೇಲೆ ದಡಕ್ಕನೆ ಎದ್ದ. "ಅವನ ಹೊಲದಾಗೂ ಇದೇ ಕೂಳೆ. ಉಂಡು ದನ ಬಿಡೋ ಹೊತ್ತು ಇದು. ಫೋನ್ ಹಚ್ಚು, ಬೇಗ ಹಚ್ಚು!"

ಚಿಕ್ಕಪ್ಪನ ನಂಬರು ಅಪ್ಪನ ಫೋನಿನಲ್ಲಿರಲಿಲ್ಲ, ನನ್ನದರಲ್ಲಿತ್ತು. ಸ್ಪೀಕರ್ ಹಾಕಿ ಕೊಟ್ಟೆ.

"ಲೇ, ನಾನು. ಕೂಳೆಗೆ ದನ ಬಿಟ್ಟೀಯೇನ್ಲೇ?"

"ಈಗಷ್ಟೇ ಬಿಟ್ಟೆ ಕಣಣ್ಣ. ಯಾಕೆ?"

"ವಿಷ ಐತೆ ಅದ್ರಾಗೆ. ಹೊಡ್ಕೊಂಡು ಬಾ. ಓಡಲೇ!"

ಫೋನು ಕಟ್ಟಾಗಲಿಲ್ಲ. ಓಡುವ ಸದ್ದು, ದನ ಬೆದರಿಸುವ ಕೂಗು, ಮತ್ತೆ ಬರೀ ಗಾಳಿ. ಅಪ್ಪ ಎರಡೂ ಕೈಯಲ್ಲಿ ಫೋನು ಹಿಡಿದು ನಿಂತಿದ್ದ. ಬೆಳಿಗ್ಗೆಯಿಂದ ಅಷ್ಟು ಹೆದರಿದ್ದ ನಾನು ಆಗ ಹೆದರಿದಷ್ಟು ಎಂದೂ ಹೆದರಿರಲಿಲ್ಲ.

"ಬಂದ್ವು ಅಣ್ಣ," ಚಿಕ್ಕಪ್ಪ ಏದುಸಿರು ಬಿಡುತ್ತಿದ್ದ. "ಎಲ್ಲಾ ಬಂದ್ವು. ಇನ್ನೂ ಬದುವಿನಾಗೇ ಇದ್ವು. ನಿನ್ನ ಮಗಳ ಫೋನಲ್ವಾ ಇದು? ಹಿರಿಯೂರಿಗೆ ಯಾಕೆ ಹೋದೆ?"

ಅಪ್ಪ ನನ್ನ ಮುಖ ನೋಡಿದ.

"ನಿನ್ನ ಮೇಲೆ ಕಂಪ್ಲೇಂಟ್ ಕೊಡಾಕೆ ಬಂದಿದ್ದೆ ಕಣ್ಲೇ," ಅಂದ.