ಪುಟ್ಟಲಕ್ಷ್ಮಿಯವರ ರುಜು

ಪುಟ್ಟಲಕ್ಷ್ಮಿಯವರು ಕೆಲಸ ಮಾಡುವುದನ್ನು ಮೊದಲ ಸಲ ನೋಡಿದವರು ಅವರು ತೂಕಡಿಸುತ್ತಿದ್ದಾರೆ ಎಂದೇ ತಿಳಿಯುತ್ತಿದ್ದರು. ನಾನೂ ಹಾಗೇ ತಿಳಿದಿದ್ದೆ. ಬಸವೇಶ್ವರನಗರದ ಒಂದು ಮನೆಯ ಮಹಡಿಯಲ್ಲಿ ಹನ್ನೆರಡು ಜನರ ನಮ್ಮ ಕಂಪನಿ. ಕೆಳಗೆ ಜೆರಾಕ್ಸ್ ಅಂಗಡಿ, ಹಿಂದುಗಡೆ ಹೊಂಗೆ ಮರ. ಮರದ ಕಡೆಯ ಕಿಟಕಿ ಅವರದು. ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ಹಾಕಿಸಿದ ಹಾಳೆಗಳನ್ನು ಮೇಜಿನ ಮೇಲೆ ಹರಡಿಕೊಂಡು ಒಂದು ಸಾಲು ಓದುವರು, ಆಮೇಲೆ ಹತ್ತು ನಿಮಿಷ ಮರ ನೋಡುವರು. ಮತ್ತೆ ಒಂದು ಸಾಲು, ಮತ್ತೆ ಮರ. ನನಗೆ ಹುಟ್ಟಿನಿಂದಲೇ ಅವಸರದ ಬುದ್ಧಿ. ಅವರನ್ನು ನೋಡಿದರೆ ಮೈಯೆಲ್ಲ ಉರಿಯುತ್ತಿತ್ತು.

ಅವರ ಕೆಲಸ ಬೇರೆಯವರು ಬರೆದ ಕೋಡನ್ನು ಓದುವುದು. ಪರದೆಯ ಮೇಲೆ ಚಿತ್ರ ಮೂಡಿಸುವ ಗ್ರಾಫಿಕ್ಸ್ ಚಿಪ್ ಇರುತ್ತದಲ್ಲ, ಅದಕ್ಕೂ ಕಂಪ್ಯೂಟರಿಗೂ ನಡುವೆ ಮಾತು ದಾಟಿಸುವ ಪ್ರೋಗ್ರಾಮಿಗೆ ಡ್ರೈವರ್ ಎನ್ನುತ್ತಾರೆ. ಕರ್ನಲ್ ಎಂಬ ತೀರಾ ಒಳಮನೆಯಲ್ಲಿ ಅದರ ವಾಸ. ಅಲ್ಲಿ ತಪ್ಪಾದರೆ ಇಡೀ ಯಂತ್ರವೇ ಕಲ್ಲಿನಂತೆ ಕೂತುಬಿಡುತ್ತದೆ. ಆದ್ದರಿಂದ ಒಬ್ಬರು ಬರೆದದ್ದನ್ನು ಇನ್ನೊಬ್ಬರು ಓದಿ ಸೈ ಅನ್ನಬೇಕು. ನಮ್ಮಲ್ಲಿ ಇದಕ್ಕೊಂದು ಪದ್ಧತಿಯಿತ್ತು. ಮಾಲೀಕರಾದ ಸಂಪತ್ ಒಂದು ಉದ್ದನೆಯ ರಿಜಿಸ್ಟರ್ ಇಟ್ಟಿದ್ದರು. ಬದಲಾವಣೆಯ ನಂಬರು, ತಾರೀಕು, ಪಕ್ಕದಲ್ಲಿ ಓದಿದವರ ರುಜು, ಅಷ್ಟೇ. ಬರೆದವರ ಹೆಸರಿಗೆ ಅದರಲ್ಲಿ ಜಾಗವೇ ಇರಲಿಲ್ಲ. ಹೊರದೇಶದ ಚಿಪ್ ಕಂಪನಿಗೆ ಕಳಿಸುವಾಗಲೂ ಕೆಳಗೆ ಓದಿದವರ ಹೆಸರು ಮಾತ್ರ ಹೋಗುತ್ತಿತ್ತು.

"ಬರೆಯೋನಿಗೆ ಅರ್ಜೆಂಟ್ ಇದ್ದೇ ಇರತ್ತೆ. ಓದೋರಿಗೆ ಇರಬಾರ್ದು. ಅದಕ್ಕೇ ಜವಾಬ್ದಾರಿ ಅವರದೇ" ಎನ್ನುತ್ತಿದ್ದರು ಸಂಪತ್.

ಆ ರಿಜಿಸ್ಟರಿನ ಮುಕ್ಕಾಲು ಪಾಲು ರುಜು ಪುಟ್ಟಲಕ್ಷ್ಮಿಯವರದು. ದುಂಡಗಿನ ಕನ್ನಡ ಅಕ್ಷರ, ಕೊನೆಯ 'ಮಿ'ಯ ಗುಡಿಸು ಮಾತ್ರ ಸ್ವಲ್ಪ ಎತ್ತರ. ಅವರು ಬ್ಯಾಡರಹಳ್ಳಿಯ ಹಳೆಯ ಒಕ್ಕಲು ಮನೆಯವರು. ಅವರ ರಾಗಿ ಹೊಲ ಸೈಟುಗಳಾಗಿ, ಸೈಟುಗಳು ಮೂರು ಮಹಡಿಗಳಾಗಿ ಎಷ್ಟೋ ಕಾಲವಾಗಿತ್ತು. ಮದುವೆಯಾಗಿರಲಿಲ್ಲ, ಅವ್ವ ಚಿಕ್ಕಲಕ್ಷ್ಮಮ್ಮನ ಜೊತೆ ಇದ್ದರು. ವಿಜಯನಗರದ ಕಾಲೇಜಿನಲ್ಲಿ ಗಣಿತ ಓದಿ, ಡೇಟಾ ಎಂಟ್ರಿಯಿಂದ ಶುರುಮಾಡಿ, ತಾವಾಗಿಯೇ ಕಲಿತು ಇಲ್ಲಿಯವರೆಗೆ ಬಂದವರು.

ಒಂದು ಸಲ ತಡೆಯಲಾರದೆ ಕೇಳಿದ್ದೆ: "ಮೇಡಂ, ಆ ಮರದಲ್ಲಿ ಏನ್ ಕಾಣತ್ತೆ ನಿಮಗೆ?"

"ಮರ ಎಲ್ಲಪ್ಪಾ ನೋಡ್ದೆ? ಒಳಗಡೆ ಹೋಗಿದ್ದೆ" ಎಂದರು. "ಒಂದ್ ಸಾಲು ಓದಿದ್ರೆ ಅದು ಚಿಪ್ ಒಳಗಡೆ ಎಲ್ಲಿಗೆ ಹೋಗತ್ತೆ ಅಂತ ಹಿಂದೇನೇ ನಡ್ಕೊಂಡು ಹೋಗ್ತೀನಿ ಕಣೋ. ನಮ್ ಹೊಲ ಇತ್ತಲ್ಲ, ಅದ್ರಲ್ಲಿ ಮಧ್ಯಾಹ್ನ ನೊಗ ಬಿಚ್ಚಿದ್ ಮೇಲೆ ಒಂಥರಾ ಮೌನ ಇರ್ತಿತ್ತು. ಎತ್ತು ಮೆಲುಕು ಹಾಕೋದು ಬಿಟ್ರೆ ಸದ್ದೇ ಇಲ್ಲ. ಚಿಪ್ ಒಳಗೂ ಅಂಥ ಜಾಗ ಇರತ್ತೆ. ಅದು ಸಿಗೋವರ್ಗೂ ನಾನು ವಾಪಸ್ ಬರಲ್ಲ."

ಮನೆಗೆ ಹೋಗಿ ಇದನ್ನು ಹೇಳಿ ನಕ್ಕಿದ್ದೆ. ಆದರೆ ಅಂದು ಬಸ್ಸಿನಲ್ಲಿ ಕಣ್ಣು ಮುಚ್ಚಿದಾಗ ನನಗೂ ಬಿಸಿಲಿನ ಹೊಲವೊಂದು ಕಂಡಿತು. ಸಿಟ್ಟೇ ಬಂತು.

ಎರಡು ಸಾವಿರದ ಎಂಟರಲ್ಲಿ ದುಂಡೇಶ ಅವರು ಸೇರಿದರು. ಗೋಕಾಕದ ಕಡೆಯವರು. ಪಾಲಿಟೆಕ್ನಿಕ್ಕಿನಲ್ಲಿ ಒಂಬತ್ತು ವರ್ಷ ಪಾಠ ಮಾಡಿ, ಮೂವತ್ತೈದರ ವಯಸ್ಸಿನಲ್ಲಿ ಅದನ್ನು ಬಿಟ್ಟು, ಹೆಂಡತಿ ಮಗಳನ್ನು ಕರೆದುಕೊಂಡು ನಾಗರಬಾವಿಯಲ್ಲಿ ಮನೆ ಹಿಡಿದಿದ್ದರು. ಆರು ತಿಂಗಳು ಪರೀಕ್ಷೆಯ ಮೇಲೆ ಇಟ್ಟುಕೊಂಡಿದ್ದೆವು. ಅವರಿಗೆ ಕೊಟ್ಟಿದ್ದ ಕೆಲಸ, ಚಿಪ್ ಎಷ್ಟು ಹೊತ್ತು ದುಡಿಯಿತು, ಎಷ್ಟು ಹೊತ್ತು ನಿದ್ದೆ ಮಾಡಿತು ಎಂದು ಸೆಕೆಂಡಿಗೊಮ್ಮೆ ಅಳೆದು ಹೇಳುವ ಕೋಡ್ ಬರೆಯುವುದು. ಕೆಲಸವಿಲ್ಲದಾಗ ಚಿಪ್ ನಿದ್ದೆ ಹೋದರೆ ಬ್ಯಾಟರಿ ಉಳಿಯುತ್ತದೆ. ಆರು ತಿಂಗಳು ಮುಗಿಯುವ ವಾರದ ಶುಕ್ರವಾರದೊಳಗೆ ಆ ಕೋಡ್ ರುಜುವಾಗಿ ಹೋದರೆ ದುಂಡೇಶರ ಕೆಲಸ ಕಾಯಂ. ಹೋಗದಿದ್ದರೆ ಚಿಪ್ ಕಂಪನಿ ಬೇರೆ ಕಡೆ ನೋಡಿಕೊಳ್ಳುತ್ತಿತ್ತು, ದುಂಡೇಶರೂ ಬೇರೆ ಕಡೆ ನೋಡಿಕೊಳ್ಳಬೇಕಿತ್ತು. ಪಾಲಿಟೆಕ್ನಿಕ್ಕಿನಲ್ಲಿ ಅವರ ಜಾಗ ಆಗಲೇ ತುಂಬಿತ್ತು.

ಕೋಡ್ ಅಚ್ಚುಕಟ್ಟಾಗಿತ್ತು. ಪರೀಕ್ಷಿಸಿ, ದುಂಡೇಶರ ಕೆಲಸವೆಂದು ಹೇಳಿ ಮೊದಲ ಅಂಕಿಗಳನ್ನು ಚಿಪ್ ಕಂಪನಿಗೆ ಕಳಿಸಿದವನು ನಾನೇ. ಉತ್ತರ ಮಾತ್ರ ವಿಚಿತ್ರ. ಖಾಲಿ ಪರದೆ ಇಟ್ಟು ಒಂದು ಗಂಟೆ ಬಿಟ್ಟರೂ ಚಿಪ್ ಒಂದು ಕ್ಷಣವೂ ಮಲಗಿಲ್ಲ ಎಂದು ತೋರಿಸುತ್ತಿತ್ತು. ಚಿಪ್ ಕಂಪನಿಯವರೂ ಎಷ್ಟೋ ವರ್ಷದಿಂದ ಇದನ್ನೇ ಗೊಣಗುತ್ತಿದ್ದರು, ನಮ್ಮ ಚಿಪ್ಪಿಗೆ ನಿದ್ದೆ ಬಾರದ ರೋಗ ಎಂದು. ಹಾಗಾಗಿ ನಮಗದು ಹೊಸದೆನಿಸಲಿಲ್ಲ.

ಸೋಮವಾರ ಸಂಪತ್ ಕೇಳಿದರು: "ಮೇಡಂ, ದುಂಡೇಶ್‌ದು ಆಯ್ತಾ?"

"ಇಲ್ಲ ಸಾರ್."

"ತಪ್ಪು ಸಿಕ್ತಾ?"

"ಅದೂ ಇಲ್ಲ. ಆದ್ರೆ ಒಳಗಡೆ ಹೋದ್ರೆ ನನಗೆ ಆ ಮೌನ ಸಿಗ್ತಾ ಇಲ್ಲ. ಯಾರೋ ಓಡಾಡ್ತಾ ಇದಾರೆ."

ಸಂಪತ್ ನನ್ನ ಮುಖ ನೋಡಿದರು, ನಾನು ಅವರ ಮುಖ ನೋಡಿದೆ. ಮಂಗಳವಾರವೂ ಅದೇ ಉತ್ತರ. ಮಧ್ಯಾಹ್ನ ಊಟದ ಡಬ್ಬಿ ತೆರೆದಿಟ್ಟು ತಿನ್ನದೆ ಕೂತಿದ್ದ ದುಂಡೇಶರು ನನ್ನ ಕೈ ಹಿಡಿದುಕೊಂಡರು.

"ನಾಣಿ ಸರ, ತಪ್ಪಿದ್ರ ತೋರಸ್ಲಿ, ತಿದ್ದತೇನಿ. ತಪ್ಪೂ ಇಲ್ಲ, ರುಜೂನೂ ಇಲ್ಲ ಅಂದ್ರ ನಾ ಎಲ್ಲಿ ಹೋಗ್ಲಿರಿ? ಮಗಳನ್ನ ಮೊನ್ನೆರ ಸಾಲಿಗಿ ಹಚ್ಚೇನಿ."

ನನಗೆ ರೇಗಿಹೋಯಿತು. ನೇರವಾಗಿ ಕಿಟಕಿಯ ಹತ್ತಿರ ಹೋಗಿ, "ಮೇಡಂ, ನಿಮ್ಮ ಕನಸಿಗೆ ಒಂದು ಸಂಸಾರ ಬೀದಿಗೆ ಬೀಳತ್ತೆ" ಎಂದೆ. ಅವರು ಸಿಟ್ಟಾಗಲಿಲ್ಲ. "ಗೊತ್ತು ಕಣಪ್ಪ. ಅದಕ್ಕೇ ಎರಡು ದಿನದಿಂದ ನನಗೂ ಊಟ ಸೇರ್ತಿಲ್ಲ" ಎಂದು ಮತ್ತೆ ಮರದತ್ತ ತಿರುಗಿದರು.

ಬುಧವಾರ ಮಧ್ಯಾಹ್ನ ಗಾಳಿ ನಿಂತುಹೋಗಿತ್ತು. ಹೊಂಗೆ ಹೂವು ಕಿಟಕಿಯ ಕಟ್ಟೆಯ ಮೇಲೆ ಸುಮ್ಮನೆ ಉದುರಿ ಬಿದ್ದಿತ್ತು. ಪುಟ್ಟಲಕ್ಷ್ಮಿಯವರು ಫೋನ್ ಎತ್ತಿಕೊಂಡರು. ಅವ್ವನಿಗೆ ಹದಿನೈದು ದಿನದ ಹಿಂದೆ ಕಣ್ಣಿನ ಪೊರೆ ತೆಗೆಸಿದ್ದರು. ಮಧ್ಯಾಹ್ನ ಚೆನ್ನಾಗಿ ನಿದ್ದೆ ಮಾಡಬೇಕು ಎಂದು ಡಾಕ್ಟರು ಹೇಳಿದ್ದರಂತೆ. ಅದಕ್ಕೇ ಗಂಟೆಗೊಮ್ಮೆ ಮನೆಗೆ ಫೋನ್ ಮಾಡಿ "ಅವ್ವಾ, ಮಲಗಿದ್ಯಾ?" ಎಂದು ಕೇಳುತ್ತಿದ್ದರು. ಪ್ರತಿ ಸಲವೂ ಅವ್ವ ಇಲ್ಲ ಎನ್ನುತ್ತಿದ್ದರು. ಈ ಸಲ ಫೋನ್ ಎತ್ತಿದವರು ಪಕ್ಕದ ಮನೆಯ ರಾಮಕ್ಕ. ಅವರ ಗಂಟಲು ಆಫೀಸಿಗೆಲ್ಲ ಕೇಳಿಸಿತು.

"ಲೇ ಪುಟ್ಟಿ, ಗಂಟೆಗೊಂದ್ ಸಲ ಹಿಂಗೆ ಫೋನ್ ಬಡ್ಕೊಂಡ್ರೆ ನಿಮ್ಮವ್ವ ಮಲಗೋದು ಯಾವಾಗ್ಲೇ? ಕಣ್ಣು ಎಳ್ಕೊಂಡ್ ಬರೋ ಹೊತ್ಗೆ ನಿಂದು ಟ್ರಿಣ್ ಟ್ರಿಣ್! ಎದ್ದು ಬಂದು ಮಲಗಿಲ್ಲ ಅಂತಾಳೆ. ಇನ್ನೇನ್ ಹೇಳ್ತಾಳೆ? ಇಡು ಫೋನು!"

ಎಲ್ಲರೂ ನಕ್ಕೆವು. ಪುಟ್ಟಲಕ್ಷ್ಮಿಯವರು ನಗಲಿಲ್ಲ. ಫೋನನ್ನು ಕೈಯಲ್ಲಿ ಹಿಡಿದುಕೊಂಡೇ ನಿಂತಿದ್ದರು. ಆಮೇಲೆ ತುಂಬಾ ಮೆತ್ತಗೆ, ಯಾರನ್ನೋ ಎಬ್ಬಿಸಬಾರದು ಎನ್ನುವಂತೆ ಕೇಳಿದರು: "ನಾಣಿ, ಕೇಳದೇನೆ ಅಳೆಯಕ್ಕಾಗತ್ತಾ?"

ಆಗುತ್ತಿತ್ತು. ಚಿಪ್ಪಿಗೆ ಹೋಗುವ ಕರೆಂಟಿನ ತಂತಿಗೆ ಹೊರಗಿನಿಂದ ಒಂದು ಮೀಟರ್ ಸಿಕ್ಕಿಸಿದರೆ ಸಾಕು. ಸಿಕ್ಕಿಸಿದೆ. ದುಂಡೇಶರ ಕೋಡನ್ನು ಓಡಿಸಿದಾಗ ಮುಳ್ಳು ಮೇಲೆಯೇ ನಿಂತಿತ್ತು. ಪುಟ್ಟಲಕ್ಷ್ಮಿಯವರು "ಈಗ ನಿಲ್ಲಿಸಿ. ಅದನ್ನ ಏನೂ ಕೇಳಬೇಡಿ" ಎಂದರು. ನಿಲ್ಲಿಸಿದೆವು. ಒಂದು ಸೆಕೆಂಡು, ಎರಡು ಸೆಕೆಂಡು. ಮುಳ್ಳು ಒಮ್ಮೆ ನಡುಗಿ ನಿಧಾನವಾಗಿ ಕೆಳಗಿಳಿದು ತಳದಲ್ಲಿ ಒರಗಿತು. ದುಂಡೇಶರೂ ಸೇರಿ ನಾವು ಮೂವರೂ ಅದನ್ನೇ ಬಾಗಿ ನೋಡುತ್ತಿದ್ದೆವು. ಬೀದಿಯಲ್ಲಿ ಸೊಪ್ಪಿನವಳು ಕೂಗಿಕೊಂಡು ಹೋದದ್ದು ಬಹಳ ದೂರದಿಂದ ಕೇಳಿದಂತಿತ್ತು. ಆ ಹೊತ್ತಿನಲ್ಲಿ ನನಗೆ ಅವರ ಹೊಲ ಮತ್ತೆ ಕಂಡಿತು, ಈ ಸಲ ಸಿಟ್ಟು ಬರಲಿಲ್ಲ.

"ಪಾಪ, ಮಲಗ್ತಾ ಇತ್ತು. ನಾವೇ ಎಬ್ಬಿಸ್ತಾ ಇದ್ವಿ" ಎಂದರು ಪುಟ್ಟಲಕ್ಷ್ಮಿಯವರು.

ದುಂಡೇಶರು ಮೀಟರಿನಿಂದ ತಲೆಯೆತ್ತಿದರು. "ಅಂದ್ರ ತಪ್ಪು ನಂದೇ ಏನ್ರಿ?"

"ತಡೀರಿ" ಎಂದು ಅವರು ಹಾಳೆಗಳನ್ನು ಹಿಂದಕ್ಕೆ ಹಿಂದಕ್ಕೆ ತಿರುವುತ್ತ ಹೋದರು. ದುಂಡೇಶರ ಕೋಡ್ ನಡುವೆ ಒಂದು ಹಳೆಯ ಕೋಡನ್ನು ಕರೆದು ಕೆಲಸ ಮಾಡಿಸಿಕೊಳ್ಳುತ್ತಿತ್ತು. ಚಿಪ್ ಒಳಗಿನ ಯಾವ ಎಣಿಕೆ ಬೇಕಾದರೂ ಎಲ್ಲರೂ ಅದನ್ನೇ ಕರೆಯುವುದು. ಅದರಲ್ಲಿ ನಾಲ್ಕು ಸಾಲು. ಚಿಪ್ ಮಲಗಿದ್ದರೆ ಮೊದಲು ಎಬ್ಬಿಸು, ಆಮೇಲೆ ಓದು. ಎಬ್ಬಿಸಿದ ಮೇಲೆ ಮತ್ತೆ ಮಲಗಲು ಅದಕ್ಕೆ ಒಂದು ಸೆಕೆಂಡಿಗಿಂತ ಹೆಚ್ಚು ಬೇಕು. ನಾವು ಸೆಕೆಂಡಿಗೊಮ್ಮೆ ಕೇಳುತ್ತಿದ್ದೆವು.

ನೋಡಿದ ತಕ್ಷಣ ಆ ನಾಲ್ಕು ಸಾಲಿನ ಗುರುತು ಹತ್ತಿತು. ಬರೆದವನು ನಾನು. ಎರಡು ಸಾವಿರದ ನಾಲ್ಕರ ಒಂದು ಸಂಜೆ. ಮಲಗಿದ ಚಿಪ್ಪನ್ನು ಓದಿದರೆ ಅರ್ಥವಿಲ್ಲದ ಕಸದಂಥ ಅಂಕಿಗಳು ಬರುತ್ತಿದ್ದವು. ರಾಜಾಜಿನಗರದಲ್ಲಿ ತಂಗಿಯ ನಿಶ್ಚಿತಾರ್ಥ, ಐದು ಗಂಟೆಗೆ ಹೊರಡಬೇಕಿತ್ತು. ಎಬ್ಬಿಸಿಬಿಟ್ಟರೆ ಆಯಿತು ಎಂದು ನಾಲ್ಕು ಸಾಲು ಗೀಚಿ, ಬ್ಯಾಗ್ ಹೆಗಲಿಗೆ ಹಾಕಿಕೊಂಡೇ ಪುಟ್ಟಲಕ್ಷ್ಮಿಯವರ ಮುಂದಿಟ್ಟಿದ್ದೆ. ಒಂದೇ ನಿಮಿಷದಲ್ಲಿ ರುಜು ಹಾಕಿ ಕಳಿಸಿದ್ದರು. ಅವರ ಕೈಯಲ್ಲಿ ಒಂದು ನಿಮಿಷಕ್ಕೆ ಪಾಸಾದವನು ನಾನೊಬ್ಬನೇ ಎಂದು ಎಷ್ಟು ಜನರ ಮುಂದೆ ಬೀಗಿದ್ದೆನೋ.

ಪುಟ್ಟಲಕ್ಷ್ಮಿಯವರು ರಿಜಿಸ್ಟರ್ ತರಿಸಿದರು. ಹಳೆಯ ಪುಟದಲ್ಲಿ ಅವರ ರುಜು ಮಾತ್ರ ಇತ್ತು. ಅದನ್ನೇ ನೋಡುತ್ತ ಕೂತರು.

ಸಂಪತ್ ಬುದ್ಧಿವಂತರು. "ಒಳ್ಳೇದೇ ಆಯ್ತು ಮೇಡಂ. ದುಂಡೇಶ್ ಕೋಡಲ್ಲೇ ಇದನ್ನೂ ಸೇರಿಸಿ ತಿದ್ದಿ ಕಳಿಸ್ಬಿಡಿ. ಹಳೇದು ಯಾರಿಗೂ ಗೊತ್ತಾಗಲ್ಲ" ಎಂದರು.

"ಗೊತ್ತಾಗದೆ ಏನು ಸಾರ್? ಮೊದಲು ಕಳಿಸಿದ ಅಳತೆ ನಂಬರ್ ಎಲ್ಲಾ ಚಿಪ್ ಕಂಪನಿಯವರ ಹತ್ರ ಇದೆ. ಈಗ ಬೇರೆ ನಂಬರ್ ಬಂದ್ರೆ ದುಂಡೇಶ್ ತಪ್ಪು ಮಾಡಿ ತಿದ್ಕೊಂಡ ಅಂತಾರೆ. ಅವರ ಕೋಡಲ್ಲಿ ತಪ್ಪೇ ಇಲ್ಲ. ನಾಲ್ಕು ವರ್ಷದಿಂದ ಆ ಚಿಪ್ ಮಾಡ್ದೋರು ತಮ್ಮ ಕೆಲಸಾನೇ ಅನುಮಾನಿಸ್ಕೊಂಡು ಕೂತಿದಾರೆ. ನನ್ನ ರುಜು ನಂಬಿ."

"ನಿಮ್ಮನ್ನ ತೆಗೀರಿ ಅಂದ್ರೆ?"

"ಅನ್ಲಿ" ಎಂದರು. ಅವರು ಧೈರ್ಯಸ್ಥೆಯೇನಲ್ಲ, ರಸ್ತೆ ದಾಟಲು ಕೂಡ ಹೆದರುವವರು.

ನಾನು ಅಲ್ಲೇ ನಿಂತಿದ್ದೆ. ಈಗ ಹೇಳುತ್ತೇನೆ, ಆಮೇಲೆ ಹೇಳುತ್ತೇನೆ ಎಂದುಕೊಳ್ಳುತ್ತಲೇ ಮೀಟರಿನ ತಂತಿ ಸುತ್ತಿಡುತ್ತಿದ್ದೆ. ಅವರು ಮೇಲ್ ಬರೆದರು. ಹಳೆಯ ತಪ್ಪು ಇಂಥದ್ದು, ಸರಿಯೆಂದು ರುಜು ಹಾಕಿದವಳು ನಾನು, ದುಂಡೇಶರದು ಲೋಪವಿಲ್ಲದ ಕೆಲಸ. ಚಿಪ್ ಮಲಗಿದ್ದರೆ ಎಬ್ಬಿಸದೆ, ಮಲಗಿದೆ ಎಂದು ಬರೆದುಕೊಂಡು ಹಿಂದಿನ ಎಣಿಕೆಯನ್ನೇ ಕೊಡುವಂತೆ ತಿದ್ದಿದ ಸಾಲುಗಳನ್ನೂ ಸೇರಿಸಿದರು. ಕಳಿಸುವ ಮೊದಲು ಒಂದು ನಿಮಿಷ ಕಣ್ಣು ಮುಚ್ಚಿಕೊಂಡರು.

ಶುಕ್ರವಾರ ಉತ್ತರ ಬಂತು. ಚಿಪ್ ಕಂಪನಿಯವರಿಗೆ ದೊಡ್ಡ ನಿರಾಳ, ದುಂಡೇಶರ ಬಗ್ಗೆ ಎರಡು ಸಾಲು ಹೊಗಳಿಕೆ. ಕೊನೆಯಲ್ಲಿ ಸಭ್ಯವಾದ ಇನ್ನೊಂದು ಸಾಲಿತ್ತು. ಇನ್ನು ಮುಂದೆ ಪುಟ್ಟಲಕ್ಷ್ಮಿಯವರೊಬ್ಬರ ರುಜು ಸಾಲದು, ಅದರ ಮೇಲೆ ಇನ್ನೊಬ್ಬರದೂ ಬೇಕು. ಸಂಪತ್ ರಿಜಿಸ್ಟರಿನಲ್ಲಿ ಸ್ಕೇಲ್ ಇಟ್ಟು ಇನ್ನೊಂದು ಕಾಲಮ್ಮಿಗೆ ಗೆರೆ ಎಳೆದರು. ದುಂಡೇಶರು ಧಾರವಾಡ ಪೇಡ ತಂದು ಹಂಚಿದರು. ಮೇಡಂ ಕಾಲಿಗೆ ಬೀಳಲು ಹೋದರೆ ಅವರು ಕುರ್ಚಿ ಹಿಂದಕ್ಕೆ ಸರಿಸಿ "ಏಳ್ರೀ, ಮೇಷ್ಟ್ರು ನೀವು" ಎಂದು ಗದರಿದರು. ನನ್ನ ಪಾಲಿನ ಪೇಡವನ್ನು ಕಾಗದದಲ್ಲಿ ಸುತ್ತಿ ಡ್ರಾಯರಿನಲ್ಲಿಟ್ಟೆ.

ಮುಂದಿನ ಮಂಗಳವಾರದ ತನಕ ತಡೆದುಕೊಂಡಿದ್ದೆ. ಸಂಜೆ ಅವರು ಬಸ್ ಸ್ಟಾಪಿಗೆ ಹೊರಟಾಗ ಹಿಂದೆಯೇ ಓಡಿದೆ.

"ಮೇಡಂ, ಆ ನಾಲ್ಕು ಸಾಲು..."

"ನಿಂದು. ಗೊತ್ತು."

ಅವರ ದಾರಿಗೆ ಅಡ್ಡ ನಿಂತೆ. "ಯಾಕೆ ಹೇಳ್ಲಿಲ್ಲ? ನನ್ನ ಹೆಸರೂ ಹಾಕ್ಬೇಕಿತ್ತು. ನೀವು ಬೈಬೇಕಿತ್ತು ನನಗೆ!" ದನಿ ಏರಿತ್ತು, ದಾರಿಯವರು ತಿರುಗಿ ನೋಡಿದರು. "ನಾಳೆ ಬೆಳಿಗ್ಗೆ ನಾನೇ ಅವರಿಗೆ ಬರೀತೀನಿ."

"ಬರಿ. ಬೇಡ ಅನ್ನಲ್ಲ. ಆದ್ರೆ ಆ ಕಾಲಮ್ ಹೋಗಲ್ಲ, ಹೋಗಲೂಬಾರ್ದು" ಎಂದರು. ಬಸ್ಸು ಬರುತ್ತಿತ್ತು. ಅವರು ಅದರ ನಂಬರು ನೋಡಲು ಕಣ್ಣು ಕಿರಿದು ಮಾಡಿಕೊಂಡರು, ಆಮೇಲೆ ನನ್ನ ಕಡೆ ತಿರುಗಿದರು.

"ನೀನು ತಪ್ಪು ಬರೆದೆ. ಅದು ಎಲ್ಲರೂ ಬರೀತಾರೆ. ನಾನು ಓದ್ಲೇ ಇಲ್ಲ ಕಣೋ ನಾಣಿ. ಇಷ್ಟು ವರ್ಷದಲ್ಲಿ ಓದದೇನೆ ರುಜು ಹಾಕಿದ್ದು ಅದೊಂದೇ. ನಿಂದು ಅಂತ ಗೊತ್ತಿತ್ತಲ್ಲ, ಅದಕ್ಕೆ."